ಕೆಲಸ ಮನೆಗೆ ಬಂದ ಮೇಲೆ

ಹೆದರಿದವರಿಗೆ ಧೈರ್ಯ ಹೇಳುವುದೇ ಅವಳ ಕೆಲಸ. ಅವಳೇ ಹುಟ್ಟು ಪುಕ್ಕಲಿ ಎಂಬುದು ಅಪ್ಪನ ಹೊರತು ಯಾರಿಗೂ ಗೊತ್ತಿರಲಿಲ್ಲ. ಆ ಅಪ್ಪನೂ ಈಗೀಗ ಅದನ್ನು ಮರೆತಿದ್ದರು.

ಲಿಫ್ಟು ನಡುವೆ ಎಲ್ಲೋ ನಿಂತುಹೋದಾಗ ಒಳಗಿದ್ದವರು ಒತ್ತುವ ಗುಂಡಿಯೊಂದಿದೆಯಲ್ಲ, ಅದನ್ನು ಒತ್ತಿದರೆ ಊರಿನ ಇನ್ನೊಂದು ಮೂಲೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ಅದನ್ನು ಎತ್ತುವವರಲ್ಲಿ ಅವಳೊಬ್ಬಳು. ಮೆಕ್ಯಾನಿಕ್ಕನ್ನು ಕಳಿಸಬೇಕು, ಅವನು ಹೋಗಿ ಮುಟ್ಟುವ ತನಕ ಒಳಗಿನ ಜೀವವನ್ನು ಮಾತಿನಲ್ಲೇ ಹಿಡಿದಿಟ್ಟುಕೊಳ್ಳಬೇಕು. ಹೇಳಲಿಕ್ಕೆ ಇಷ್ಟೇ. ಆದರೆ ಸಿಕ್ಕಿಬಿದ್ದವರು ಬಗೆಬಗೆ. ಕೆಲವರು ಬೈಯುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಏನೂ ಮಾತಾಡದೆ ಉಸಿರನ್ನಷ್ಟೇ ಬಿಡುತ್ತಾರೆ. ಯಾರೇ ಇರಲಿ, ಅವಳು ಮೊದಲು ಹೇಳುವ ಮಾತು ಒಂದೇ: “ಸಮಾಧಾನ ಮಾಡ್ಕೊಳ್ಳಿ, ನಾನು ಇಲ್ಲೇ ಇದೀನಿ.” ಅದನ್ನು ಕೇಳಿ ಕೇಳಿ ಜೊತೆಯವರು ಅವಳಿಗೆ ಸಮಾಧಾನಿ ಎಂದೇ ಹೆಸರಿಟ್ಟಿದ್ದರು. ಬರಬರುತ್ತ ಹಾಜರಿ ಕರೆಯುವವರಿಗೂ ನಿಜವಾದ ಹೆಸರು ನಾಲಿಗೆಗೆ ಬಾರದಂತಾಯಿತು.

ಆಫೀಸೆಂದರೆ ಕಿಟಕಿ ಇಲ್ಲದ ಒಂದು ಉದ್ದ ಕೋಣೆ. ಸಾಲಾಗಿ ಮೇಜುಗಳು, ಮೇಜಿಗೊಂದು ಫೋನು. ಪಕ್ಕದ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯನೊಬ್ಬ ಕೂರುತ್ತಿದ್ದ. ಪ್ರತಿ ಕರೆಗೂ ಮುಂಚೆ ಗಂಟಲು ಸರಿಮಾಡಿಕೊಳ್ಳದಿದ್ದರೆ ಅವನಿಗೆ ಮಾತೇ ಹೊರಡದು, ಹಾಗಾಗಿ ಅವನು ಕೆಮ್ಮಣ್ಣ. ಕೆಮ್ಮಣ್ಣನಿಗೆ ಒಂದು ಗುಣವಿತ್ತು. ಸಮಾಧಾನಿ ಯಾವುದಾದರೂ ಕೆಟ್ಟ ಕರೆ ಮುಗಿಸಿ ಫೋನಿಟ್ಟರೆ, ಮುಖ ನೋಡದೆಯೇ ಅವನಿಗೆ ತಿಳಿಯುತ್ತಿತ್ತು. ತನ್ನ ಟೀ ಲೋಟವನ್ನು ಮೆಲ್ಲಗೆ ಅವಳ ಕಡೆ ಸರಿಸುತ್ತಿದ್ದ. ಅವಳು ಒಂದು ಗುಟುಕು ಕುಡಿದು ವಾಪಸು ಸರಿಸುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿದ್ದಿಲ್ಲ.

ಅವಳಿಗೆ ಮನೆಯಲ್ಲಿದ್ದವರು ಅಪ್ಪ ಒಬ್ಬರೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಓಡಿಸಿದವರು, ಒಂದು ದಿನವೂ ಹೊತ್ತು ಮೀರಿ ಡಿಪೋ ಬಿಟ್ಟವರಲ್ಲ. ರಿಟೈರಾಗಿ ಕೆಲವು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಮರೆವು ಶುರುವಾಯಿತು. ಮೊದಲು ಕನ್ನಡಕ ಮರೆತರು, ನಂತರ ಬೀದಿ ಮರೆತರು, ಕಡೆಗೆ ರಿಟೈರಾದದ್ದನ್ನೇ ಮರೆತರು. ಒಂದು ಬೆಳಿಗ್ಗೆ ಸಮಾಧಾನಿ ಕೆಲಸದಲ್ಲಿದ್ದಾಗ ಎದುರುಮನೆಯ ದರ್ಜಿಯ ಫೋನು ಬಂತು. ಅಪ್ಪ ಮುಖ್ಯರಸ್ತೆಯಲ್ಲಿ ನಿಂತಿದ್ದ ಸಾಮಾನು ಲಾರಿಯೊಂದನ್ನು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ, ಇಳಿಯಲು ಒಪ್ಪುತ್ತಿಲ್ಲ ಎಂದು. ಬೀಗದ ಕೈ ಲಾರಿಯವನ ಜೇಬಿನಲ್ಲಿತ್ತು, ಪುಣ್ಯ. ಅವಳು ಓಡಿ ಬಂದು ನೋಡಿದರೆ ಅಪ್ಪ ಸ್ಟೇರಿಂಗು ಹಿಡಿದು ಕಾಯುತ್ತಿದ್ದರು. ಅವಳ ಮುಖ ನೋಡಿ, “ಕಂಡಕ್ಟ್ರೇ, ಎಲ್ಲಿ ಹೋಗಿದ್ರಿ? ಹೊತ್ತಾಯ್ತು, ರೈಟ್ ಹೇಳಿ” ಎಂದರು.

ಆ ದಿನ ಅವಳ ಎದೆಯನ್ನು ಹೊಕ್ಕ ಅವಲಕ್ಕಿ ಕುಟ್ಟುವ ಸದ್ದು ಮತ್ತೆ ನಿಲ್ಲಲಿಲ್ಲ. ಕೆಲಸ ಬಿಡುತ್ತೇನೆಂದು ಹೇಳಲು ಮೇಲ್ವಿಚಾರಕಿಯ ಬಳಿಗೆ ಹೋದಳು. ಮೇಲ್ವಿಚಾರಕಿ ಅವಳಿಗಿಂತ ಚಿಕ್ಕವಳು, ಚುರುಕು. ಬಿಡುವುದೇಕೆ, ಕಂಪನಿಯಲ್ಲಿ ಹೊಸ ಏರ್ಪಾಟು ಬಂದಿದೆ, ಮನೆಯಿಂದಲೇ ಕರೆ ತೆಗೆದುಕೊಳ್ಳಬಹುದು, ನೀವೇ ಮೊದಲನೆಯವರಾಗಿ ಎಂದಳು. ಸಮಾಧಾನಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಕೊಟ್ಟಿದ್ದೂ ಹಾಲು ಎಂಬಂತಾಯಿತು. ನಿಯಮಗಳನ್ನು ಓದಿ ಹೇಳಿದಾಗ ಎಲ್ಲಕ್ಕೂ ತಲೆಯಾಡಿಸಿದಳು. ಪಾಳಿಯ ಹೊತ್ತಿನಲ್ಲಿ ಪರದೆಯ ಮೇಲಿನ ಚುಕ್ಕೆ ಹಸಿರಾಗಿಯೇ ಇರಬೇಕು. ಕುರ್ಚಿ ಬಿಟ್ಟರೆ ಅದು ಹಳದಿಯಾಗುತ್ತದೆ. ಲೈನಿನಲ್ಲಿ ಮನೆಯವರ ದನಿ ಕೇಳಿಸಕೂಡದು. ಎಲ್ಲ ಕರೆಗಳೂ ರೆಕಾರ್ಡಾಗುತ್ತವೆ.

ಮೊದಮೊದಲು ಸ್ವರ್ಗವೇ. ಬಸ್ಸಿನ ನೂಕುನುಗ್ಗಲಿಲ್ಲ, ಬಿಸಿ ಊಟ, ಕಣ್ಣೆದುರಿಗೆ ಅಪ್ಪ. ಅವರೂ ಮಗಳ ದನಿ ಕೇಳುತ್ತಾ ಕಿಟಕಿ ಪಕ್ಕ ಸುಮ್ಮನೆ ಕೂರುತ್ತಿದ್ದರು. ಅವಳ ಕೆಲಸದ ಅಂಕಿಗಳೂ ಏರಿದವು. ತಿಂಗಳು ಕಳೆಯುವಷ್ಟರಲ್ಲಿ ಎಲ್ಲರಿಗಿಂತ ಬೇಗ ಕರೆ ಎತ್ತುವವಳು ಅವಳೇ ಎಂದಾಯಿತು. ಮನೆಯಲ್ಲಿ ಕೂತವರು ಮೈಗಳ್ಳರಾಗುತ್ತಾರೆ ಎಂದಿದ್ದ ಮುಖ್ಯ ಕಚೇರಿಯ ದೊಡ್ಡವರಿಗೆ ಮೇಲ್ವಿಚಾರಕಿ ಅವಳನ್ನೇ ತೋರಿಸಿದಳು. ಅದರ ಬಲದ ಮೇಲೆ ಇನ್ನೂ ಕೆಲವರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅವರಲ್ಲೊಬ್ಬಳು ಹಸುಗೂಸಿನ ತಾಯಿ. ಅವಳು ಫೋನು ಮಾಡಿ, “ಅಕ್ಕಾ, ನಿಮ್ಮಿಂದ ನನಗೂ ಬದುಕು ಸಿಕ್ತು” ಎಂದಳು.

ಆ ಮಾತು ಕೇಳಿದ್ದೇ ತಡ, ಸಮಾಧಾನಿಯ ಭಯ ಎರಡಾಯಿತು. ಅಲ್ಲಿಯವರೆಗೆ ತಾನು ಜಾರಿದರೆ ತನ್ನೊಬ್ಬಳ ಕಾಲು ಮುರಿಯುತ್ತಿತ್ತು. ಈಗ ಎಲ್ಲರ ಕಾಲೂ ಅವಳ ಕಾಲಿಗೆ ಕಟ್ಟಿದಂತಾಗಿತ್ತು.

ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ನೀರು ಕುಡಿದರೆ ಏಳಬೇಕು, ಎದ್ದರೆ ಚುಕ್ಕೆ ಹಳದಿ. ಮೇಜನ್ನು ಎಳೆದೆಳೆದು ನಡುಮನೆಯ ಮಧ್ಯಕ್ಕೆ ತಂದಳು, ಅಲ್ಲಿಂದ ಬೀದಿ ಬಾಗಿಲೂ ಅಡುಗೆಮನೆಯೂ ಕಾಣುತ್ತಿದ್ದವು. ಬೀದಿ ಬಾಗಿಲ ಚಿಲಕಕ್ಕೆ ಒಂದು ಗೆಜ್ಜೆ ಕಟ್ಟಿದಳು. ಬೆಂಕಿಪೊಟ್ಟಣ, ಚಾಕು, ಮಾತ್ರೆಗಳು ಬೀರು ಸೇರಿ ಅದಕ್ಕೆ ಬೀಗ ಬಿತ್ತು. ಬಚ್ಚಲ ಬಾಗಿಲಿನ ಒಳಚಿಲಕವೊಂದು ಉಳಿದಿತ್ತು. ಅದನ್ನು ತೆಗೆಯಲು ಬಡಗಿಗೆ ಹೇಳಿದ್ದಳು. ಅವನು “ನಾಳೆ ಬರ್ತೀನಮ್ಮ” ಎಂದಿದ್ದ. ಬಡಗಿಯ ನಾಳೆ ಎಂದರೆ ಅದಕ್ಕೆ ಕ್ಯಾಲೆಂಡರಿನಲ್ಲಿ ಜಾಗವಿರುವುದಿಲ್ಲ.

ಅಪ್ಪ ಗಲಾಟೆ ಮಾಡಿದರೆ ಅವಳಿಗೆ ಭಯ, ಸುಮ್ಮನಾದರೆ ಇನ್ನೂ ಭಯ. ಒಂದು ಕಿವಿ ಹೆಡ್‌ಸೆಟ್ಟಿಗೆ, ಒಂದು ಕಿವಿ ಮನೆಗೆ. ಒಮ್ಮೆ ಲಿಫ್ಟಿನಲ್ಲಿದ್ದ ಮುದುಕರೊಬ್ಬರು ಮಾತಾಡುತ್ತಾ ಆಡುತ್ತಾ ತಟ್ಟನೆ ಸುಮ್ಮನಾಗಿಬಿಟ್ಟರು. ಮೆಕ್ಯಾನಿಕ್ಕು ಬಾಗಿಲು ತೆರೆದು, ತಲೆಸುತ್ತಿ ಕೂತಿದ್ದಾರೆ ಅಷ್ಟೇ ಎನ್ನುವವರೆಗೆ ಅವಳು ಆ ಮೌನದೊಂದಿಗೆ ಮಾತಾಡುತ್ತಲೇ ಇದ್ದಳು. ಕರೆ ಮುಗಿಯಿತು. ಅಭ್ಯಾಸಬಲದಿಂದ ಬಲಕ್ಕೆ ನೋಡಿದಳು. ಕೆಮ್ಮಣ್ಣನಿರಲಿಲ್ಲ, ಗೋಡೆಯಿತ್ತು. ಕಿಟಕಿ ಪಕ್ಕದಿಂದ ಅಪ್ಪ, “ಯಾರು ಸತ್ತದ್ದು?” ಎಂದು ಕೇಳಿದರು. ಯಾರೂ ಇಲ್ಲಪ್ಪ ಎಂದು ಹೇಳಿ ಮುಂದಿನ ಕರೆ ತೆಗೆದುಕೊಂಡಳು. ಮೇಲ್ವಿಚಾರಕಿ ಆಗಾಗ ಫೋನು ಮಾಡಿ ಎಲ್ಲ ಸರಿಯಿದೆಯಾ ಎಂದು ವಿಚಾರಿಸುತ್ತಿದ್ದಳು. ಸಮಾಧಾನಿ ಪ್ರತಿ ಸಲವೂ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ಚೆನ್ನಾಗಿಲ್ಲ ಎಂದರೆ ಕೊಟ್ಟದ್ದನ್ನು ಕಿತ್ತುಕೊಂಡರೆ?

ಹೆದರಿದ್ದು ಕೊನೆಗೊಂದು ಮಧ್ಯಾಹ್ನ ಬಂದೇ ಬಂತು. ಊರಿನ ಒಂದು ಭಾಗಕ್ಕೆ ಕರೆಂಟು ಹೋಗಿತ್ತು. ಎಲ್ಲೆಲ್ಲೋ ಲಿಫ್ಟುಗಳು ನಿಂತು, ಕರೆಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಅವಳು ಎತ್ತಿದ ಕರೆಯಲ್ಲಿ ಗಡಸು ದನಿಯ ಗಂಡಸೊಬ್ಬ ಏರಿ ಬಂದ. ತಾನು ಹಲ್ಲಿನ ಡಾಕ್ಟರು, ಮೇಲೆ ಕುರ್ಚಿಯಲ್ಲಿ ಪೇಷೆಂಟು ಬಾಯಿ ತೆರೆದುಕೊಂಡು ಕೂತಿದ್ದಾರೆ, ಇಲ್ಲಿ ಕಗ್ಗತ್ತಲು, ಈ ಡಬ್ಬಿಯನ್ನು ಯಾರು ಮಾಡಿದ್ದು, ನಿಮ್ಮ ಹೆಸರೇನು, ನಿಮ್ಮ ಮೇಲಿನವರ ಹೆಸರೇನು, ಎಲ್ಲರ ಮೇಲೂ ಕಂಪ್ಲೇಂಟು ಕೊಡುತ್ತೇನೆ ಎಂದ. ಬೈಗುಳದ ನಡುವೆ ಅವನ ಉಸಿರು ಕಡಿದು ಕಡಿದು ಬರುತ್ತಿರುವುದು ಸಮಾಧಾನಿಗೆ ಕೇಳಿಸಿತು. ಬೈಯುವವರೇ ಹೆಚ್ಚು ಹೆದರಿದವರು ಎಂದು ಅವಳಿಗೆ ಗೊತ್ತು. ಮೆಕ್ಯಾನಿಕ್ಕಿಗೆ ವಿಳಾಸ ಕಳಿಸಿ, ಬಾಗಿಲನ್ನು ಮಾತ್ರ ಕೈಯಿಂದ ಎಳೆಯಬೇಡಿ ಎಂದು ಹೇಳುತ್ತಿದ್ದಳು.

ಆಗ ಹಿಂದಿನಿಂದ ಚಿಲಕ ಜಾರಿದ ಸದ್ದು ಬಂತು.

ಅದು ಬಚ್ಚಲಿನದು. ನಲ್ಲಿ ಬಿಟ್ಟ ಸದ್ದು, ಬಕೆಟ್ಟು ತುಂಬಿ ಹರಿಯುವ ಸದ್ದು. ಅವಳು ಮಾತು ಮುಂದುವರಿಸಿದಳು, ಆದರೆ ಬೆನ್ನೆಲ್ಲ ಕಿವಿಯಾಗಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯುವ ಸದ್ದು. ಅಪ್ಪ, “ತೆಗೀರಿ, ಬಾಗಿಲು ತೆಗೀರಿ” ಎನ್ನುತ್ತಿದ್ದರು. ಚಿಲಕ ಹಾಕಿದ ಕೈಗೆ ಅದನ್ನು ತೆಗೆಯುವುದು ಮರೆತುಹೋಗಿತ್ತು. ಆಮೇಲೆ ಏನೋ ಭಾರವಾದದ್ದು ಬಿದ್ದಿತು. ಬಕೆಟ್ಟು ಉರುಳಿತು. ಆಮೇಲೆ ಬರೀ ನೀರು.

ಸಮಾಧಾನಿ ಕುರ್ಚಿಯಿಂದ ಅರ್ಧ ಎದ್ದಳು. ಎದ್ದು ಹೋದರೆ ಕತ್ತಲಲ್ಲಿರುವ ಮನುಷ್ಯನ ಕೈಬಿಟ್ಟಂತೆ, ಹೋಗದಿದ್ದರೆ ಅಪ್ಪನ ಕೈಬಿಟ್ಟಂತೆ. ಹೆಡ್‌ಸೆಟ್ಟಿನ ವೈರು ಬಚ್ಚಲತನಕ ಎಟುಕದು. ಅವಳು ಲ್ಯಾಪ್‌ಟಾಪನ್ನೇ ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಚ್ಚಲ ಬಾಗಿಲ ಮುಂದೆ ಕುಸಿದು ಕೂತಳು. ಬಾಗಿಲ ಕೆಳಗಿನಿಂದ ನೀರು ಬಂದು ಬಟ್ಟೆ ಒದ್ದೆಯಾಯಿತು.

“ಅಪ್ಪಾ. ಅಪ್ಪಾ, ಕೇಳಿಸ್ತಿದ್ಯಾ?”

ಹೆಡ್‌ಸೆಟ್ಟಿನಲ್ಲಿ ಬೈಗುಳ ನಿಂತಿತು. “ಅಲ್ಲಿ ಯಾರದು?” ಎಂದು ಡಾಕ್ಟರು ಕೇಳಿದರು.

ನಿಯಮ ಮುರಿದದ್ದನ್ನು ಮುಚ್ಚಲು ಅವಳು ಏನಾದರೊಂದು ಸುಳ್ಳು ಹೇಳಬೇಕಿತ್ತು. ಹೊಳೆಯಲಿಲ್ಲ. “ನಮ್ಮಪ್ಪ. ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ. ಬಿದ್ದಿದ್ದಾರೆ ಅನ್ಸುತ್ತೆ. ಮಾತಾಡ್ತಿಲ್ಲ.”

ಆ ಕಡೆಯಿಂದ ಅದೇ ಗಡಸು ದನಿ, ಆದರೆ ಕೆಳಗಿಳಿದಿತ್ತು. “ಮಾತಾಡಿಸ್ತಾ ಇರಿ. ಸುಮ್ಮನಿರೋಕೆ ಬಿಡಬೇಡಿ. ನನ್ನ ಲೈನು ಮಾತ್ರ ಕಟ್ ಮಾಡಬೇಡಿ. ನೀವು ಅವರ ಜತೆ ಮಾತಾಡೋದು ಕೇಳಿಸ್ತಾ ಇದ್ರೆ ನನಗದೇ ಸಾಕು.”

ಅವಳು ಬಾಗಿಲಿಗೆ ಬಾಯಿ ಹಚ್ಚಿ ಕರೆದಳು. ಅಪ್ಪಾ ಎಂದಳು, ಎಷ್ಟು ಕರೆದರೂ ಉತ್ತರವಿಲ್ಲ. ಮೊಬೈಲಿನಲ್ಲಿ ದರ್ಜಿಗೆ ಫೋನು ಮಾಡಿದಳು. ಅವನ ಹೊಲಿಗೆ ಯಂತ್ರದ ಗದ್ದಲಕ್ಕೆ ಅದು ಕೇಳಿಸಲಿಲ್ಲ. ತನ್ನ ಮಡಿಲಲ್ಲಿದ್ದ ಪರದೆಯ ಮೇಲೆ ಕಾಯುತ್ತಿರುವ ಕರೆಗಳು ಮಿನುಗುತ್ತಿರುವುದು ಕಂಡಿತು. ಅವನ್ನು ಯಾರು ಎತ್ತುತ್ತಾರೋ, ಎತ್ತುತ್ತಾರೋ ಇಲ್ಲವೋ. ಅಷ್ಟರಲ್ಲಿ ಒಳಗಿನಿಂದ ಕ್ಷೀಣವಾಗಿ ಒಂದು ದನಿ ಬಂತು.

“ಬ್ರೇಕ್ ಹಿಡೀತಿಲ್ಲ.”

ಆಗ ಅವಳಿಗೆ ತಿಳಿಯಿತು. ಒಳಗಿರುವವರು ಅಪ್ಪನಲ್ಲ, ಡ್ರೈವರು. ಮಗಳ ಮಾತು ಅವರನ್ನು ಮುಟ್ಟುವುದಿಲ್ಲ. ಅವಳು ಕಣ್ಣೊರೆಸಿಕೊಂಡು ದನಿ ಎತ್ತರಿಸಿದಳು. “ಡ್ರೈವರ್ರೇ, ಹೋಲ್ಡಾನ್. ಗಾಡಿ ನಿಂತಿದೆ. ಸ್ಟಾಪ್ ಬಂತು. ಬಾಗಿಲು ತೆಗೀರಿ, ಜನ ಇಳೀಬೇಕು.”

“ತೆಗೀಲಾ?” ಎಂದು ಹೆಡ್‌ಸೆಟ್ಟಿನಲ್ಲಿ ಡಾಕ್ಟರು ಗಾಬರಿಯಿಂದ ಕೇಳಿದರು.

“ನಿಮಗಲ್ಲ ಡಾಕ್ಟ್ರೇ. ನೀವು ಬಾಗಿಲು ಮುಟ್ಟಬೇಡಿ. ಡ್ರೈವರ್ರೇ, ನಿಮಗೇ ಹೇಳ್ತಿರೋದು. ಮೇಲ್ಗಡೆ ಚಿಲಕ ಇದೆ, ಎಡಕ್ಕೆ ಎಳೀರಿ. ಹೆಂಗಸರು ಮಕ್ಕಳು ಕಾಯ್ತಿದ್ದಾರೆ.”

ನೀರಿನಲ್ಲಿ ಯಾರೋ ತಡವರಿಸಿ ಏಳುವ ಸದ್ದು. ಬಾಗಿಲ ಮೇಲೆ ಉಗುರು ಕೆರೆದ ಸದ್ದು. ಕೆರೆದು ನಿಂತಿತು, ಮತ್ತೆ ಕೆರೆಯಿತು. ಅವಳು ಎಡಕ್ಕೆ ಎಡಕ್ಕೆ ಎನ್ನುತ್ತಲೇ ಇದ್ದಳು. ಲಿಫ್ಟಿನ ಕತ್ತಲಲ್ಲಿ ಡಾಕ್ಟರೂ ಮೆಲ್ಲಗೆ, “ಎಡಕ್ಕೆ, ಹಾಂ, ಎಡಕ್ಕೆ” ಎನ್ನುತ್ತಿದ್ದರು. ಚಿಲಕ ಜಾರಿತು.

ಅಪ್ಪನ ಹಣೆ ಒಡೆದು ರಕ್ತ ನೀರಿನೊಂದಿಗೆ ಬೆರೆತು ಗಲ್ಲದವರೆಗೆ ಇಳಿದಿತ್ತು. ಅವರು ನೆಟ್ಟಗೆ ನಿಂತು, “ಎಲ್ಲ ಇಳಿದ್ರಾ?” ಎಂದು ಕೇಳಿದರು. ಅವಳು ಇಳಿದರು ಎಂದಳು. ಅವರನ್ನು ಹಿಡಿದು ಕೂರಿಸಿ ಟವೆಲನ್ನು ಹಣೆಗೆ ಒತ್ತಿದಳು. ಹೆಡ್‌ಸೆಟ್ಟಿನಲ್ಲಿ ಕಬ್ಬಿಣ ಸರಿದ ಸದ್ದು, ಮೆಕ್ಯಾನಿಕ್ಕಿನ ದನಿ, ಡಾಕ್ಟರು ಏನೋ ಹೇಳಹೊರಟದ್ದು ಕೇಳಿಸಿತು. ಅಷ್ಟರಲ್ಲಿ ಲೈನು ಕಡಿಯಿತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ತಲೆಯೊಳಗೆ ಪೆಟ್ಟಾಗಿಲ್ಲ ಎಂದರು. ಜೊತೆಗೆ ಬಂದಿದ್ದ ದರ್ಜಿ ಗಾಯವನ್ನು ಬಗ್ಗಿ ನೋಡಿ, ಈ ಹೊಲಿಗೆಗೆ ನನ್ನ ಗಿರಾಕಿ ಆಗಿದ್ದರೆ ಬಟ್ಟೆ ವಾಪಸು ಮುಖಕ್ಕೆಸೆಯುತ್ತಿದ್ದ ಎಂದ. ಸಮಾಧಾನಿಗೆ ನಗು ಬರಲಿಲ್ಲ. ಅಪ್ಪನ ಬಗೆಗಿನ ಭಯ ಒಂದು ಹಂತಕ್ಕೆ ಇಳಿದದ್ದೇ, ಇನ್ನೊಂದು ಭಯ ಆ ಜಾಗಕ್ಕೆ ಬಂದು ಕೂತಿತ್ತು. ಕರೆ ರೆಕಾರ್ಡಾಗಿದೆ. ಡಾಕ್ಟರು ಕಂಪ್ಲೇಂಟು ಕೊಡುತ್ತೇನೆ ಎಂದಿದ್ದಾರೆ. ಉಳಿದ ಕರೆಗಳು ಏನಾದವೋ. ಮುಂದಿನ ದಿನಗಳಲ್ಲಿ ಫೋನು ಬಡಿದಾಗಲೆಲ್ಲ ಅವಳು ಮೊದಲು ಯಾರ ಹೆಸರೆಂದು ನೋಡುತ್ತಿದ್ದಳು. ಹಸುಗೂಸಿನ ತಾಯಿಯ ಕರೆ ಬಂದಾಗ ಎತ್ತಲೇ ಇಲ್ಲ.

ಕೊನೆಗೆ ಕರೆ ಬಂತು, ಆಫೀಸಿಗೆ ಬನ್ನಿ ಎಂದು. ಅಪ್ಪನನ್ನು ದರ್ಜಿಯ ಅಂಗಡಿಯಲ್ಲಿ ಬಿಟ್ಟು ಹೋದಳು. ಮೇಲ್ವಿಚಾರಕಿಯ ಕೋಣೆಯಲ್ಲಿ ಮುಖ್ಯ ಕಚೇರಿಯ ದೊಡ್ಡವರೂ ಇದ್ದರು. ರೆಕಾರ್ಡು ಹಾಕಿದರು.

ಸಮಾಧಾನಿ ತನ್ನ ದನಿಯನ್ನು ತಾನೇ ಕೇಳಿದ್ದು ಅದೇ ಮೊದಲು. ಆ ದಿನ ತಾನು ಹೇಗೋ ಧೈರ್ಯವಾಗಿ ಮಾತಾಡಿದೆನೆಂದು ಅಂದುಕೊಂಡಿದ್ದಳು. ಈ ದನಿ ಗಾಳಿಗೆ ಸಿಕ್ಕ ದೀಪದ ಹಾಗೆ ನಡುಗುತ್ತಿತ್ತು. ಅಪ್ಪಾ ಎಂದು ಕರೆಯುವ ಕಡೆಯಲ್ಲಂತೂ ಅದು ದೊಡ್ಡವಳ ದನಿಯೇ ಆಗಿರಲಿಲ್ಲ. ಅವಳು ತಲೆ ತಗ್ಗಿಸಿದಳು. ರೆಕಾರ್ಡು ಮುಗಿದ ಮೇಲೆ ದೊಡ್ಡವರು, ಇದಕ್ಕೇ ನಾನು ಮೊದಲಿನಿಂದ ಬೇಡ ಎಂದದ್ದು, ಎಲ್ಲರೂ ಬರುವ ವಾರದಿಂದ ಆಫೀಸಿಗೇ ಬರಲಿ ಎಂದರು.

ಮೇಲ್ವಿಚಾರಕಿ ಅವರ ಮಾತಿಗೆ ಉತ್ತರ ಕೊಡದೆ ಸಮಾಧಾನಿಯ ಕಡೆ ತಿರುಗಿದಳು. “ನಾನು ಎಷ್ಟು ಸಲ ಕೇಳಿದೆ ನಿಮ್ಮನ್ನ. ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕಿತ್ಕೊಳ್ತೀರಿ ಅಂತ.”

ಈಗ ಕಿತ್ತುಕೊಳ್ಳುತ್ತಿದ್ದಾರೆ, ಇನ್ನು ಕಳೆದುಕೊಳ್ಳಲು ಏನೂ ಇಲ್ಲ ಎಂದು ಅವಳಿಗೆ ಅನಿಸಿತು. ತಲೆ ಎತ್ತಿದಳು.

“ಮನೇಲಿ ಕೂತು ಮಾಡಿದ್ದು ತಪ್ಪಲ್ಲ ಸಾರ್. ನಾನು ಮನೇಲಿ ಇದ್ದಿದ್ದಕ್ಕೇ ನಮ್ಮಪ್ಪ ಉಳಿದ್ರು. ಒಬ್ಳೇ ಕೂತಿದ್ದು ತಪ್ಪು. ಕುರ್ಚಿಯಿಂದ ಏಳಬೇಕಾದ್ರೆ ಯಾರಿಗೆ ಹೇಳಬೇಕು ಅಂತ ಗೊತ್ತಿರಲಿಲ್ಲ. ಇಲ್ಲಿದ್ದಾಗ ಪಕ್ಕದವರ ಕಡೆ ಕೈ ಮಾಡಿದ್ರೆ ಸಾಕಿತ್ತು, ಅವರು ನನ್ನ ಲೈನು ಹಿಡೀತಿದ್ರು. ಅಲ್ಲಿ ಬರೀ ಹಸಿರು ಚುಕ್ಕೆ. ಅದನ್ನ ನೋಡಿ ನೋಡಿ ಹೆದರಿ ಹೆದರಿ ಕೆಲಸ ಮಾಡಿದೀನಿ. ಎಲ್ಲರಿಗಿಂತ ಬೇಗ ಫೋನ್ ಎತ್ತುತ್ತಿದ್ದೆ ಅಂತ ಹೊಗಳಿದ್ರಲ್ಲ, ಅದು ಖುಷಿಗಲ್ಲ, ಭಯಕ್ಕೆ.”

ಇಷ್ಟು ಉದ್ದ ಮಾತನ್ನು ಅವಳು ತನಗಾಗಿ ಎಂದೂ ಆಡಿರಲಿಲ್ಲ. ಏನು ಬೇಕು ಎಂದು ಮೇಲ್ವಿಚಾರಕಿ ಕೇಳಿದಾಗ ಅದನ್ನೂ ಹೇಳಿದಳು. ಅರ್ಧ ದಿನ ಮನೆಯಲ್ಲಿ, ಅರ್ಧ ದಿನ ಇಲ್ಲಿ. ಮನೆಯಲ್ಲಿದ್ದಾಗ ಏಳಬೇಕಾದರೆ ಕಾರಣ ಕೇಳದೆ ಲೈನು ಹಿಡಿಯುವ ಒಬ್ಬ ಜೊತೆಗಾರ. ಅವಳೊಬ್ಬಳಿಗಲ್ಲ, ಮನೆಯಿಂದ ಮಾಡುವ ಎಲ್ಲರಿಗೂ.

ದೊಡ್ಡವರು ಅಲ್ಲೇ ಕರಗಿ ಹೋದರು ಎಂದೇನೂ ಇಲ್ಲ. ನಿಯಮ ಮೀರಿದ್ದಕ್ಕೆ ಅವಳಿಗೆ ಎಚ್ಚರಿಕೆ ಕೊಟ್ಟರು. ಏರ್ಪಾಟಿನ ಬಗ್ಗೆ ನೋಡೋಣ ಎಂದು ಎದ್ದುಹೋದರು. ಅವರ ನೋಡೋಣ ಬಡಗಿಯ ನಾಳೆಯಷ್ಟು ಉದ್ದವಾಗಲಿಲ್ಲ. ಮೇಲ್ವಿಚಾರಕಿ ಬೆನ್ನು ಬಿಡದೆ ಹಿಡಿದು, ಕೆಲವು ತಿಂಗಳು ಹಾಗೆಯೇ ಮಾಡಿ ನೋಡಲು ಒಪ್ಪಿಸಿದಳು. ಹಳದಿಯಾದ ಚುಕ್ಕೆಗೆ ಕಾರಣ ಕೇಳುವುದು ನಿಂತಿತು. ಅಂದು ಅವಳು ಮೇಲ್ವಿಚಾರಕಿಯ ಕೋಣೆಯಿಂದ ಹೊರಗೆ ಬಂದಾಗ ಕೆಮ್ಮಣ್ಣ ಗಂಟಲು ಸರಿಮಾಡಿಕೊಂಡು, ಕರೆಂಟು ಹೋದ ದಿನ ಅವಳ ಕರೆಗಳನ್ನು ತಾನೂ ಇತರರೂ ಹಂಚಿಕೊಂಡು ಎತ್ತಿದ್ದನ್ನು ಹೇಳಿದ. ಯಾರೂ ಸಿಕ್ಕಿಬಿದ್ದು ಉಳಿಯಲಿಲ್ಲ. ಮರುದಿನ ಹಲ್ಲಿನ ಡಾಕ್ಟರೊಬ್ಬರು ತಮ್ಮ ಲಿಫ್ಟಿಗೆ ಹೋಗಿ, ಅದು ಸರಿಯಾಗಿ ನಡೆಯುತ್ತಿದ್ದರೂ ಗುಂಡಿ ಒತ್ತಿ, ಬಚ್ಚಲಲ್ಲಿ ಸಿಕ್ಕಿಕೊಂಡಿದ್ದ ಹಿರಿಯರು ಹೇಗಿದ್ದಾರೆ ಎಂದು ಕೇಳಿದ್ದರಂತೆ. ಅದನ್ನು ಕೇಳಿ ಸಮಾಧಾನಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಹಸುಗೂಸಿನ ತಾಯಿಗೆ ತಾನೇ ಫೋನು ಮಾಡಿದಳು.

ಈಗ ಬೆಳಗಿನ ಹೊತ್ತು ಮನೆಯಲ್ಲಿ, ಮಧ್ಯಾಹ್ನ ಆಫೀಸಿನಲ್ಲಿ. ಮಧ್ಯಾಹ್ನ ಅಪ್ಪ ದರ್ಜಿಯ ಅಂಗಡಿಯಲ್ಲಿ ಕೂರುತ್ತಾರೆ. ಹೊಲಿಗೆ ಯಂತ್ರದ ಪೆಡಲು ತುಳಿಯುವ ಅವನ ಕಾಲನ್ನು ನೋಡುತ್ತಾ, ನಿಧಾನ, ಮುಂದೆ ತಿರುವಿದೆ ಎಂದು ಎಚ್ಚರಿಸುತ್ತಿರುತ್ತಾರೆ. ದರ್ಜಿಯೂ ಸ್ವಲ್ಪ ನಿಧಾನ ಮಾಡುತ್ತಾನೆ. ಅವನ ಹೊಲಿಗೆ ಈಚೆಗೆ ನೆಟ್ಟಗಾಗಿದೆ ಎಂದು ಗಿರಾಕಿಗಳು ಹೇಳುವುದುಂಟು. ಸಮಾಧಾನಿಯ ಕೆಲಸದ ಅಂಕಿಗಳು ಸ್ವಲ್ಪ ಇಳಿದವು, ಆಮೇಲೆ ಅಲ್ಲೇ ನಿಂತವು. ಅವಳು ಮತ್ತೆ ನೀರು ಕುಡಿಯತೊಡಗಿದಳು.

ಭಯ ಹೋಯಿತೇ ಎಂದರೆ, ಇಲ್ಲ. ಮೊನ್ನೆ ಆಫೀಸಿನಲ್ಲಿದ್ದಾಗ ಮೊಬೈಲಿನಲ್ಲಿ ದರ್ಜಿಯ ಹೆಸರು ಮೂಡಿತು. ಅದೇ ಹೊತ್ತಿಗೆ ಅವಳ ಮೇಜಿನ ಫೋನೂ ಬಡಿಯಿತು. ಮೇಜಿನ ಫೋನಿನ ಕಡೆ ನೋಡಿದಳು, ಮೊಬೈಲಿನ ಕಡೆ ನೋಡಿದಳು, ಕೈ ಯಾವ ಕಡೆಗೂ ಹೋಗಲಿಲ್ಲ. ಪಕ್ಕದಲ್ಲಿ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಕೆಮ್ಮಣ್ಣ ಕೈ ಚಾಚಿ ಅವಳ ಮೇಜಿನ ಫೋನನ್ನು ಎತ್ತಿದ.

ಅವಳು ಮೊಬೈಲು ಕಿವಿಗಿಟ್ಟಳು. ದರ್ಜಿ ಕೇಳುತ್ತಿದ್ದ, ನಿಮ್ಮಪ್ಪನ ಟೀಗೆ ಸಕ್ಕರೆ ಹಾಕಬಹುದಾ ಎಂದು.